ಕುರ್ಚಿ ಮೇಷ್ಟ್ರು

ನಮ್ಮ ಹಾಸ್ಟೆಲಿನ ಕುರ್ಚಿ ಮೇಷ್ಟ್ರನ್ನು ಮೊದಲ ಸಲ ನೋಡಿದವರು ಹೌಹಾರದೆ ಇರುವುದಿಲ್ಲ. ನನ್ನ ರೂಮಿನಲ್ಲೇ ಇರುವ ಈತನೂ ನಮ್ಮ ಹಾಗೆ ವಿದ್ಯಾರ್ಥಿಯೇ. ಆದರೆ ಸಂಜೆ ಕಾಲೇಜಿನಿಂದ ಬಂದು ಮುಖ ತೊಳೆದದ್ದೇ ತಡ, ಖಾಲಿ ಕುರ್ಚಿಯೊಂದನ್ನು ಎದುರಿಗೆ ಎಳೆದುಕೊಂಡು ಅಂದಿನ ಪಾಠವನ್ನೆಲ್ಲ ಅದಕ್ಕೆ ಹೇಳಿಕೊಡುತ್ತಾನೆ. "ಇನ್ನೊಬ್ರಿಗೆ ಹೇಳ್ಕೊಟ್ರೇನೇ ಕಣೋ ನಮ್ಮ ತಲೇಲಿ ನಿಲ್ಲೋದು" ಎಂಬುದು ಅವನ ವೇದವಾಕ್ಯ. ಸರಿ, ಹೇಳಿಕೊಡಲಿ, ಆದರೆ ಕುರ್ಚಿಯನ್ನು ಬೈಯುವುದೇ? "ನಿನ್ನೆ ತಾನೇ ಹೇಳ್ಕೊಟ್ಟಿದ್ದೆ, ಅಷ್ಟು ಬೇಗ ಮರೆತ್ಯಾ?" ಎಂದು ಗದರುತ್ತಾನೆ, ಮರುಗಳಿಗೆಗೆ "ಹೋಗ್ಲಿ ಬಿಡು, ಅಳ್ಬೇಡ" ಎಂದು ರಮಿಸುತ್ತಾನೆ! ಅದರ ಮೇಲೆ ಯಾರಾದರೂ ಒದ್ದೆ ಟವೆಲ್ ಹಾಕಿದರೆ ರಣರಂಪ. ಕುರ್ಚಿಗೆ ಮೊಬೈಲ್ ಒರಗಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಅವನ ಪಾಠ ಶುರು; ತನ್ನ ದನಿಯನ್ನು ತಾನೇ ರೆಕಾರ್ಡ್ ಮಾಡಿ ಕೇಳುವ ಹುಚ್ಚು ಎಂದು ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಮೊನ್ನೆ ಒಂದು ಲೆಕ್ಕವನ್ನು ಸಾಲು ಸಾಲಾಗಿ ಹೇಳುತ್ತ ಬಿಡಿಸುವ ಭರದಲ್ಲಿ ಅವನು ಕೈ ಬೀಸಿದಾಗ ಇಯರ್‌ಫೋನಿನ ವೈರು ಕಿತ್ತು ಬಂತು. ಕುರ್ಚಿ ಮಾತಾಡಿತು! "ಅಣ್ಣಾ, ಒಂದ್ನಿಮಿಷ ತಡಿ, ಮಗು ಅಳ್ತಿದೆ." ನಾನು ಬೆಚ್ಚಿ ಎದ್ದು ನಿಂತೆ. ಅವನು ತಲೆಯೆತ್ತದೆ, "ತಂಗಿ ಕಣೋ. ಕಾಲೇಜು ಬಿಡಿಸಿ ಮದುವೆ ಮಾಡ್ಬಿಟ್ರು" ಎಂದ. ಮಗುವಿನ ಅಳು ನಿಂತಿತು, ದನಿ ಮತ್ತೆ ಬಂತು: "ಅಣ್ಣಾ, ಆ ಎರಡನೇ ಸಾಲು ತಪ್ಪು. ನಿನ್ನೆ ತಾನೇ ನೀನೇ ಹೇಳ್ಕೊಟ್ಟಿದ್ದೆ, ಅಷ್ಟು ಬೇಗ ಮರೆತ್ಯಾ?"