ಕಾಕಾನ ಬೋರ್ಡೂ ಅಮೆರಿಕದ ಪೇಟೆಂಟೂ

ಅನುಮಾನ ಪಡುವುದಕ್ಕೂ ಸಂಬಳ ಕೊಡುತ್ತಾರೆಂದು ನನಗೆ ಗೊತ್ತಾದದ್ದು ಹೈದರಾಬಾದಿಗೆ ಬಂದ ಮೇಲೆ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಬೇಗಂಪೇಟೆಯ ಒಂದು ಕಂಪನಿ ನನ್ನನ್ನು ಪೇಟೆಂಟ್ ಓದುವ ಕೆಲಸಕ್ಕೆ ತೆಗೆದುಕೊಂಡಿತು. ಐಟಿಯ ಭರಾಟೆಯ ಕಾಲ. ಊರಿನಲ್ಲಿ ಎಲ್ಲರೂ ಕಂಪ್ಯೂಟರಿನ ಮುಂದೆ ಕೂತು ಏನನ್ನಾದರೂ ಬರೆಯುತ್ತಿದ್ದರು. ನಾವು ಮಾತ್ರ ಓದುತ್ತಿದ್ದೆವು. ಒಬ್ಬ ಮನುಷ್ಯ ತಾನೇನೋ ಹೊಸದನ್ನು ಕಂಡುಹಿಡಿದಿದ್ದೇನೆ ಎನ್ನುತ್ತಿದ್ದಾನೆ, ಅದು ನಿಜವಾಗಿಯೂ ಹೊಸದೋ ಹಳೆಯದೋ ನೋಡಿ ಹೇಳಿ ಎಂದು ಅಮೆರಿಕದ ವಕೀಲರು ಕೇಳುತ್ತಿದ್ದರು. ನಾವು ದಾಖಲೆಗಳನ್ನು ಕೆದಕಿ ‘ಇದನ್ನು ಮೊದಲೇ ಇನ್ನೊಬ್ಬ ಹೇಳಿಬಿಟ್ಟಿದ್ದಾನೆ’ ಎಂದು ತೋರಿಸಬೇಕು. ತೋರಿಸಿದ ದಿನ ನಮಗೆ ಹಬ್ಬ.

ನಮ್ಮ ತಂಡದ ಮುಖ್ಯಸ್ಥೆ ಮೊದಲ ವಾರವೇ ಹೇಳಿಕೊಟ್ಟ ಪಾಠವೆಂದರೆ, ಎರಡು ಸಂಗತಿಗಳು ಹತ್ತಿರಹತ್ತಿರ ಇದ್ದರೆ ಅವು ಒಂದೇ ಎಂದು ಭಾವಿಸಿಕೊಂಡು ಮುಂದುವರಿಯಬೇಕು, ಬೇರೆ ಎಂದು ವಾದಿಸುವುದು ವಕೀಲರ ಕೆಲಸ. ಆ ಪಾಠ ನನ್ನೊಳಗೆ ಚೆನ್ನಾಗಿಯೇ ಇಳಿಯಿತು. ನಾನು ಉಳಿದುಕೊಂಡಿದ್ದ ಲಿಂಗಂಪಲ್ಲಿಯಿಂದ ಬೇಗಂಪೇಟೆಗೆ ಲೋಕಲ್ ರೈಲಿನಲ್ಲಿ ಬರುವಾಗ ಪಕ್ಕದವರ ಮಾತು ಕೇಳಿಸಿದರೂ, ಇವರು ಹೇಳುತ್ತಿರುವುದು ಸ್ವಂತದ್ದೋ ಎಲ್ಲಿಂದಲೋ ಎತ್ತಿದ್ದೋ ಎಂದು ಮನಸ್ಸು ಕೇಳುತ್ತಿತ್ತು.

ಹೈದರಾಬಾದಿನಲ್ಲಿ ನನ್ನವರೆಂದು ಇದ್ದದ್ದು ಕಾಕಾ ಒಬ್ಬನೇ, ನನ್ನ ಅಪ್ಪನ ತಮ್ಮ. ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ ಬಂದವನು ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಹಿಡಿದು, ಬ್ಯಾಂಕುಗಳಲ್ಲಿ ಟೋಕನ್ ನಂಬರು ತೋರಿಸುವ ಕೆಂಪು ಅಕ್ಷರದ ಬೋರ್ಡುಗಳನ್ನು ಮಾಡುತ್ತಿದ್ದ. ಮನೆ ಅಲ್ಲೇ ಎರಡು ಬೀದಿ ಆಚೆ. ಭಾನುವಾರ ಅವನ ಹೆಂಡತಿ ಚಿಗವ್ವನ ಕೈಯ ಜೋಳದ ರೊಟ್ಟಿಗಾಗಿ ನಾನು ಊರಿನ ಈ ತುದಿಯಿಂದ ಆ ತುದಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ.

ಅಂಥ ಒಂದು ಭಾನುವಾರ ಕಾಕಾ ನನ್ನನ್ನು ಊಟಕ್ಕೆ ಕೂರಲು ಬಿಡದೆ ಶೆಡ್ಡಿಗೆ ಕರೆದುಕೊಂಡು ಹೋದ. ಬಾಗಿಲು ಒಳಗಿನಿಂದ ಚಿಲಕ ಹಾಕಿದ. ಮೇಜಿನ ಮೇಲೆ ಅಂಗೈ ಅಗಲದ ಒಂದು ಬೂದುಬಣ್ಣದ ಹಾಳೆ, ಅದರ ಬಾಲಕ್ಕೆ ಅಂಟಿದ ಸರ್ಕ್ಯೂಟು. ಹಾಳೆಯ ಮೇಲೆ ಕಪ್ಪಾಗಿ ‘ವಿಜಯಪುರ 4.30’ ಎಂದು ಇತ್ತು, ಮುದ್ರಿಸಿದಷ್ಟು ಸ್ಪಷ್ಟವಾಗಿ.

“ಈಗ ನೋಡು,” ಎಂದವನು ಬ್ಯಾಟರಿಯ ತಂತಿ ಕಿತ್ತ.

ಅಕ್ಷರ ಅಲ್ಲಾಡಲಿಲ್ಲ.

“ಕರೆಂಟ್ ಹೋತು, ಅಕ್ಷರ ಹೋಗಲಿಲ್ಲ. ನಮ್ಮ ಕಡಿ ಬಸ್‌ಸ್ಟ್ಯಾಂಡಿನ್ಯಾಗ ದಿನಾ ಎಷ್ಟು ತಾಸು ಕರೆಂಟ್ ಇರತೈತಿ? ಅಲ್ಲಿಗೆ ಇಂಥಾ ಬೋರ್ಡ ಬೇಕು ಯವ್ವಾ. ಟೈಮ್ ಬದಲಾದಾಗ ಒಂದ್ ಸಲ ಕರೆಂಟ್ ಕೊಟ್ರ ಸಾಕು.”

ಎಲೆಕ್ಟ್ರಾನಿಕ್ ಕಾಗದವನ್ನು ನಾನು ಅದುವರೆಗೆ ಓದಿದ್ದೆನೇ ಹೊರತು ಕಂಡಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು, ಅವುಗಳೊಳಗೆ ಕರಿ ಮತ್ತು ಬಿಳಿ ಪುಡಿ. ವಿದ್ಯುತ್ತು ಒಂದು ಬಣ್ಣವನ್ನು ಮೇಲೆ ತಳ್ಳುತ್ತದೆ, ಇನ್ನೊಂದನ್ನು ಕೆಳಗಿಳಿಸುತ್ತದೆ. ಆಮೇಲೆ ವಿದ್ಯುತ್ತು ಇಲ್ಲದಿದ್ದರೂ ಪುಡಿ ಇದ್ದಲ್ಲೇ ಇರುತ್ತದೆ. ಅಮೆರಿಕದಲ್ಲಿದ್ದ ಕಾಕಾನ ಸಹಪಾಠಿಯೊಬ್ಬ ಪ್ರಯೋಗಕ್ಕೆಂದು ಮಾರುವ ಒಂದು ಕಿಟ್ಟನ್ನು ತಂದುಕೊಟ್ಟಿದ್ದನಂತೆ. ತೊಂದರೆ ಎಂದರೆ, ಶೆಡ್ಡಿನ ತಗಡಿನ ಕೆಳಗೆ ಮೇ ತಿಂಗಳ ಬಿಸಿಲಿಗೆ ಅಕ್ಷರ ಬದಲಿಸಿದಾಗಲೆಲ್ಲ ಹಳೆಯ ಅಕ್ಷರದ ಮಸುಕು ಗುರುತು ಉಳಿದುಬಿಡುತ್ತಿತ್ತು. ಕಾಕಾ ಮೂರು ಬೇಸಿಗೆ ಅದರ ಹಿಂದೆ ಬಿದ್ದಿದ್ದ. ಕೊನೆಗೆ, ಬಿಸಿ ಎಷ್ಟಿದೆ ಎಂದು ಅಳೆದು ಅದಕ್ಕೆ ತಕ್ಕಂತೆ ವಿದ್ಯುತ್ತನ್ನು ಸಣ್ಣಸಣ್ಣ ಏಟುಗಳಾಗಿ ಕೊಡುವ ಒಂದು ಕ್ರಮವನ್ನು ಕಂಡುಕೊಂಡಿದ್ದ. ನನ್ನೆದುರೇ ವಿಜಯಪುರವನ್ನು ಬೀದರ್ ಮಾಡಿದ. ಗುರುತು ಉಳಿಯಲಿಲ್ಲ.

“ಇದರ ಮ್ಯಾಲೆ ಯಾರದರ ಪೇಟೆಂಟ್ ಐತೇನು ನೋಡಿ ಹೇಳು. ಆದ್ರ ನಿಮ್ಮ ಆಫೀಸಿನ್ಯಾಗ ಬಾಯಿ ಬಿಡಬ್ಯಾಡ.”

ಆಗಲೇ ನನಗೊಂದು ಅನುಮಾನ ಹುಟ್ಟಿತು: ಅಷ್ಟು ದಿನ ಯಾರಿಗೂ ತೋರಿಸದವನು ನನಗೆ ತೋರಿಸಿದ್ದು ಮಗಳ ಸಮಾನಳೆಂದೋ, ಪುಕ್ಕಟೆ ಕೆಲಸಕ್ಕೋ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಆಫೀಸಿನ ಕಂಪ್ಯೂಟರಿನಲ್ಲಿ ಸ್ವಂತದ ಹುಡುಕಾಟ ಮಾಡುವ ಹಾಗಿರಲಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಎದುರಿನ ಇಂಟರ್ನೆಟ್ ಸೆಂಟರಿನಲ್ಲಿ, ಹಲಗೆಯ ಗೂಡಿನಂಥ ಜಾಗದಲ್ಲಿ ಕೂತು, ಬಿಡುವಾದಾಗ, ಎರಡು ತಿಂಗಳಲ್ಲಿ ನಾಲ್ಕು ಸಂಜೆ ಹುಡುಕಿದೆ.

ಹುಡುಕಿದಷ್ಟೂ ಗಾಬರಿಯಾಗುತ್ತ ಹೋಯಿತು. ಗುಳ್ಳೆಗೆ ಒಂದು ಪೇಟೆಂಟು, ಗುಳ್ಳೆಯ ಗೋಡೆಗೆ ಒಂದು, ಅದರೊಳಗಿನ ಎಣ್ಣೆಗೆ ಒಂದು, ಪುಡಿಗೆ ಬಳಿದ ಲೇಪಕ್ಕೆ ಒಂದು, ಹಾಳೆಯನ್ನು ಅಂಟಿಸುವ ಗೋಂದಿಗೂ ಒಂದು. ಒಂದು ಹೊಲಕ್ಕೆ ಬೇಲಿ ಹಾಕುವುದನ್ನು ಕಂಡಿದ್ದೆ. ಇಲ್ಲಿ ಹೊಲದ ಪ್ರತಿ ಹೆಂಟೆಗೂ ಬೇಲಿ ಹಾಕಿದ್ದರು. ಹುಡುಕಾಟದ ನಾಲ್ಕನೆಯ ಸಂಜೆ ಒಂದು ಅರ್ಜಿ ಸಿಕ್ಕಿತು: ಬಿಸಿಯನ್ನು ಅಳೆದು ವಿದ್ಯುತ್ತಿನ ಏಟುಗಳನ್ನು ಬದಲಿಸಿ ಹಳೆಯ ಚಿತ್ರದ ಗುರುತು ಅಳಿಸುವ ವಿಧಾನ. ಕಾಕಾನದ್ದೇ ಮಾತು, ಇಂಗ್ಲಿಷಿನಲ್ಲಿ. ಪ್ರಕಟವಾಗಿ ಒಂದು ತಿಂಗಳೂ ಆಗಿರಲಿಲ್ಲ.

ಮುಂದಿನ ಭಾನುವಾರ ಮುದ್ರಿಸಿದ ಹಾಳೆಗಳನ್ನು ಕಾಕಾನ ಮುಂದಿಟ್ಟೆ.

“ಬ್ಯಾಡ ಕಾಕಾ, ಬಿಟ್ಟುಬಿಡ್ರಿ. ನಿಮ್ದೂ ಇದೂ ಒಂದೇ. ಬೋರ್ಡ ಮಾಡಿ ಮಾರಿದ್ರ ಕೇಸ್ ಹಾಕ್ತಾರ.”

ಕಾಕಾ ಚಿತ್ರಗಳನ್ನು ಬಹಳ ಹೊತ್ತು ನೋಡಿದ. ಚಿಗವ್ವ ಚಹಾ ತಂದಿಟ್ಟದ್ದನ್ನೂ ಗಮನಿಸಲಿಲ್ಲ.

“ಇದು ಯಾವಾಗ ಹೊರಗ ಬಂದೈತಿ?”

“ಹೋದ ತಿಂಗಳ.”

“ನಾ ನಿನಗ ತೋರಿಸಿದ್ದು ಯಾವಾಗ?”

ಅವನು ಎತ್ತ ಹೊರಟಿದ್ದಾನೆಂದು ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಪ್ರಕಟವಾದ ದಿನ ಬೇರೆ, ಅರ್ಜಿ ಕೊಟ್ಟ ದಿನ ಬೇರೆ ಎಂದು ಹೇಳಿದೆ. ಕೊಟ್ಟು ಒಂದೂವರೆ ವರ್ಷ ಅದು ಕತ್ತಲೆಯಲ್ಲಿ ಇರುತ್ತದೆ, ಆಮೇಲೆ ಹೊರಗೆ ಬರುತ್ತದೆ. ಇವರು ಕೊಟ್ಟಾಗ ನಾನಿನ್ನೂ ಧಾರವಾಡದಲ್ಲಿದ್ದೆ. ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದೆ.

“ತಾರೀಖು ಹಾಕೋರು ಅವರೇ ಅಲ್ಲೇನು? ನೀವು ಇಲ್ಲಿ ಕುಂತು ಯಾರ ಕೆಲಸ ಮಾಡ್ತೀರಿ? ಅವರದ.”

“ಕಾಕಾ, ನನ್ನ ಮ್ಯಾಲೇನೇ ಸಂಶಯ ಪಡಾಕತ್ತೀರೇನು?”

“ನಾ ಯಾರ ಹೆಸರೂ ತಗೊಂಡಿಲ್ಲ,” ಎಂದು ಎದ್ದು ಒಳಗೆ ಹೋದ.

ಆ ದಿನ ಊಟ ಮಾಡದೆ ಬಂದೆ. ಬಸ್ಸಿನಲ್ಲಿ ಕೂತಾಗ ಅಳು ಬರಲಿಲ್ಲ, ಸಿಟ್ಟು ಬಂತು. ಸೋಮವಾರ ಆ ಸಿಟ್ಟಿನ ಕೆಳಗಿನಿಂದ ಇನ್ನೊಂದು ಅನುಮಾನ ಎದ್ದಿತು. ಆಫೀಸಿನಲ್ಲಿ ನನ್ನ ಹಿಂದಿನ ಸಾಲಿನವರಿಗೆ ಹೊಸ ಕೆಲಸ ಬಂದಿತ್ತು: ಬಿಸಿ ಪ್ರದೇಶಗಳಲ್ಲಿ ಬಳಸುವ ಎಲೆಕ್ಟ್ರಾನಿಕ್ ಪರದೆಗಳ ಬಗ್ಗೆ ಹುಡುಕಾಟ. ಯಾರ ಪರವಾಗಿ ಎಂದು ಕೇಳುವ ಹಾಗಿಲ್ಲ. ನಾನು ಕ್ಯಾಂಟೀನಿನಲ್ಲಿ ಯಾರ ಮುಂದಾದರೂ ಕಾಕಾನ ಬೋರ್ಡಿನ ಬಗ್ಗೆ ಬಾಯಿ ಬಿಟ್ಟಿದ್ದೆನೇ? ಕಿಟ್ ತಂದುಕೊಟ್ಟ ಸಹಪಾಠಿ ಅಲ್ಲಿ ಯಾವ ಕಂಪನಿಯಲ್ಲಿದ್ದ? ಪಕ್ಕದ ನಿಲ್ದಾಣಕ್ಕೆ ತಲೆಯ ಮೇಲೆ ವಿಮಾನ ಇಳಿಯುವಾಗ ಇಡೀ ಕಟ್ಟಡ ಗುಂಯ್ ಎನ್ನುತ್ತಿತ್ತು, ಆ ಸದ್ದಿನಲ್ಲಿ ಹಿಂದಿನವರು ಏನು ಮಾತಾಡಿಕೊಳ್ಳುತ್ತಿದ್ದಾರೆಂದು ಕಿವಿಗೊಡುತ್ತಿದ್ದೆ. ಕೊನೆಗೆ ಆ ಕೆಲಸ ಯಾರ ಪರವಾಗಿ ಎಂದು ಮುಖ್ಯಸ್ಥೆಯನ್ನೇ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಈ ಪ್ರಶ್ನೆ ಯಾಕೆ ಕೇಳುತ್ತಿದ್ದೀ ಎಂದು ತಿರುಗಿ ಕೇಳಿದರು. ಅದಾದ ಮೇಲೆ ಕೆಲವು ತಿಂಗಳು ಅವರು ನನಗೆ ಪರದೆಗೆ ಸಂಬಂಧಪಟ್ಟ ಯಾವ ಕೆಲಸವನ್ನೂ ಕೊಡಲಿಲ್ಲ. ಪ್ರಶ್ನೆಯೂ ತಪ್ಪೂ ಒಂದೇ ಎಂದುಕೊಂಡು ಅವರೂ ತಮ್ಮ ಪಾಠವನ್ನು ಪಾಲಿಸಿದ್ದರು.

ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ನಾಚಾರಂಗೆ ಹೋಗಲಿಲ್ಲ. ಚಿಗವ್ವ ಫೋನ್ ಮಾಡುತ್ತಿದ್ದಳು, ಕಾಕಾನ ಬಗ್ಗೆ ಅವಳೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಹೊಸದಾಗಿ ಸೇರಿದವರಿಗೆ ಪಾಠ ಮಾಡುವ ಸರದಿ ನನಗೆ ಬಂತು. ಮಂಗಳೂರಿನ ಕಡೆಯ ಒಬ್ಬಳು ಎದ್ದು, ಅಮೆರಿಕದಲ್ಲಿ ಪೇಟೆಂಟ್ ಇರುವ ವಸ್ತುವನ್ನು ಇಂಡಿಯಾದಲ್ಲಿ ಮಾಡಿದರೆ ತಪ್ಪೇ ಎಂದು ಕೇಳಿದಳು. ಪೇಟೆಂಟ್ ಯಾವ ದೇಶದಲ್ಲಿ ಪಡೆದಿದ್ದಾರೋ ಆ ದೇಶದಲ್ಲಿ ಮಾತ್ರ ನಡೆಯುತ್ತದೆ, ಇಲ್ಲಿ ಪಡೆಯದಿದ್ದರೆ ಇಲ್ಲಿ ತಡೆಯಿಲ್ಲ ಎಂದು ಸಲೀಸಾಗಿ ಉತ್ತರ ಕೊಟ್ಟೆ. ಕಾಕಾನಿಗೆ ನಾನು ಇದನ್ನು ಹೇಳಿರಲಿಲ್ಲ. ಗೊತ್ತಿರಲಿಲ್ಲವೆಂದಲ್ಲ. ನಮ್ಮ ಗಿರಾಕಿಗಳೆಲ್ಲ ಅಮೆರಿಕದವರೇ ಆದ್ದರಿಂದ ನಮ್ಮ ದೇಶವೊಂದು ಇದೆ ಎಂಬುದೇ ನನ್ನ ಲೆಕ್ಕದಲ್ಲಿರಲಿಲ್ಲ.

ಅಂದೇ ಸಂಜೆ ಅದೇ ಇಂಟರ್ನೆಟ್ ಸೆಂಟರಿನಲ್ಲಿ ಆ ಅರ್ಜಿಯನ್ನು ಮತ್ತೆ ತೆಗೆದು ಓದಿದೆ. ನನಗೆ ಹುಡುಕಲು ಸಾಧ್ಯವಾದಷ್ಟರಲ್ಲಿ ಅವರು ಇಂಡಿಯಾದಲ್ಲಿ ಅರ್ಜಿಯನ್ನೇ ಕೊಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ವಿಧಾನದಲ್ಲಿ ಅಕ್ಷರ ಬದಲಿಸುವ ಮುನ್ನ ಇಡೀ ಹಾಳೆಯನ್ನು ಒಮ್ಮೆ ಕಪ್ಪು ಮಾಡಬೇಕಿತ್ತು. ಕಾಕಾ ಕಪ್ಪು ಮಾಡುತ್ತಿರಲಿಲ್ಲ. ಅದನ್ನು ತಪ್ಪಿಸಿದ್ದೇ ಅವನ ಮೂರು ಬೇಸಿಗೆಗಳ ಕೆಲಸ. ಹತ್ತಿರ ಇದ್ದದ್ದನ್ನು ಒಂದೇ ಎಂದು ನಾನು ಓದಿದ್ದೆ. ಆಫೀಸಿನಲ್ಲಿ ಹಾಗೆ ಓದಿದರೆ ಬೇರೆ ಎಂದು ವಾದಿಸಲು ವಕೀಲರಿರುತ್ತಿದ್ದರು, ಯಾರ ಬೋರ್ಡೂ ನಿಂತುಹೋಗುತ್ತಿರಲಿಲ್ಲ.

ಭಾನುವಾರ ಹೋದೆ. ಕಾಕಾ ಅಂಗಳದಲ್ಲಿ ಪೇಪರು ಓದುತ್ತಿದ್ದ. ನಾನು ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಪೇಪರು ಮಡಚಿ ಕೇಳಿದ. ಬೈಯುತ್ತಾನೆಂದುಕೊಂಡಿದ್ದೆ. ಎದ್ದು ಹೋಗಿ ಕಪಾಟಿನಿಂದ ಒಂದು ಲಕೋಟೆ ತಂದ.

“ಇದನ್ನ ಓದು. ನಿನ್ನ ಕಾಗದ ಬರೂಕಿಂತ ಮೊದಲ ಬಂದಿದ್ದು.”

ಅವನು ನೂರು ಬೋರ್ಡಿಗೆ ಬೇಕಾಗುವಷ್ಟು ಹಾಳೆ ಕೊಡಿ ಎಂದು ಹೊರದೇಶದ ಒಂದು ಕಂಪನಿಗೆ ಬರೆದಿದ್ದನಂತೆ. ಅವರು ಕಳಿಸಿದ ಕರಾರುಪತ್ರ ಅದು. ನಾಲ್ಕನೆಯ ಪುಟದಲ್ಲಿ ಒಂದು ವಾಕ್ಯ: ಹಾಳೆಯನ್ನು ಬಳಸುವವರು ಅದರಲ್ಲಿ ಮಾಡುವ ಯಾವುದೇ ಸುಧಾರಣೆಯ ಹಕ್ಕು ಹಾಳೆ ಕೊಟ್ಟವರಿಗೆ ಸೇರತಕ್ಕದ್ದು.

“ಬರೋಬ್ಬರಿ ಓದೀನೇನು ನಾ?”

“ಬರೋಬ್ಬರಿ ಓದೀರಿ. ಸಹಿ ಮಾಡಿದ್ರ ನಿಮ್ಮ ವಿಧಾನ ಅವರದಾಗತಿತ್ತು.”

“ಅದಕ್ಕ ಮಾಡಲಿಲ್ಲ. ಅವರು ಹಾಳಿ ಕೊಡಲಿಲ್ಲ.”

“ಮತ್ತ ಇದನ್ನ ಆವತ್ತ ಯಾಕ ತೋರಿಸಲಿಲ್ಲ ಕಾಕಾ?”

“ನೀ ಏನ್ ಹೇಳ್ತಿ ನೋಡೂಣು ಅಂತ ಸುಮ್ನಿದ್ದೆ,” ಎಂದ. ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತ, “ಸಂಶಯ ಇತ್ತವ್ವಾ. ನಿನ್ನ ಮ್ಯಾಲೂ ಇತ್ತು,” ಎಂದು ಸೇರಿಸಿದ.

ಒಳಗಿನಿಂದ ಚಿಗವ್ವ, “ಇಬ್ಬರೂ ಒಂದೇ ಮನೀ ಮಂದಿ ಅನ್ನೂದು ತಿಳೀತದ ಬಿಡ್ರಿ, ಊಟಕ್ಕ ಏಳ್ರಿ,” ಎಂದಳು.

ಊಟದ ನಡುವೆ ನಾನು, ನೀವೇ ಇಲ್ಲಿ ಒಂದು ಪೇಟೆಂಟಿಗೆ ಅರ್ಜಿ ಕೊಡಿ ಎಂದೆ. ಪೇಟೆಂಟ್ ಎಂದರೆ ಕಳ್ಳರ ಬೇಲಿ ಎಂದು ತುಸು ಮೊದಲಷ್ಟೇ ಬೈದಿದ್ದ ಕಾಕಾನ ಮುಖ ಅರಳಿತು. “ನನ್ನ ಹೆಸರಿಗೆ ಕೊಡ್ತಾರೇನು?” ಎಂದು ಎರಡು ಸಲ ಕೇಳಿದ. ನನಗೆ ಒಳಗೊಳಗೇ ನಗು ಬಂತು, ಮತ್ತೆ ಅದು ನ್ಯಾಯವೇ ಅನ್ನಿಸಿತು. ಆ ಗುಳ್ಳೆಗಳನ್ನು ಮಾಡಿದವರಿಗೂ ಎಷ್ಟೋ ಬೇಸಿಗೆಗಳು ಹೋಗಿರಬೇಕು. ಬೇಲಿಯ ಭರವಸೆ ಇಲ್ಲದಿದ್ದರೆ ಅಷ್ಟು ವರ್ಷ ಅವರು ಪ್ರಯೋಗಶಾಲೆಯಲ್ಲಿ ಕೂರುತ್ತಿದ್ದರೋ ಇಲ್ಲವೋ. ಕೂತದ್ದರಿಂದಲೇ ಆ ಅಂಗೈ ಅಗಲದ ಹಾಳೆ ನಾಚಾರಂವರೆಗೆ ಬಂದಿತ್ತು. ಬಂದ ಮೇಲೆ ಅಲ್ಲೇ ನಿಂತುಬಿಟ್ಟದ್ದೂ ಅವರಿಂದಲೇ. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೆ.

ನಾಲ್ಕು ಭಾನುವಾರ ಕೂತು ಅರ್ಜಿ ಬರೆದೆವು. ಅವನು ಹೇಳಿದ, ನಾನು ಬರೆದೆ. ಒಂದೊಂದು ಪದಕ್ಕೂ ಜಗಳವಾಯಿತು. ‘ಸುಮಾರು’ ಎಂದು ನಾನು ಬರೆದರೆ ಸುಮಾರು ಯಾಕೆ, ನಾನು ಅಳತೆ ಮಾಡಿಲ್ಲವೇ ಎನ್ನುತ್ತಿದ್ದ. ಪ್ರತಿ ಪುಟವನ್ನೂ ತಾನೇ ಚೆನ್ನೈನ ಪೇಟೆಂಟ್ ಕಚೇರಿಗೆ ಅಂಚೆಗೆ ಹಾಕುವವರೆಗೆ ನನ್ನ ಚೀಲಕ್ಕೆ ಒಂದು ಹಾಳೆ ಸೇರಲೂ ಬಿಡಲಿಲ್ಲ. ನಾನು ಬೇಸರಪಟ್ಟುಕೊಳ್ಳಲಿಲ್ಲ.

ಅರ್ಜಿ ಕೊಟ್ಟ ಮೇಲೆ ಅದನ್ನು ಪರಿಶೀಲಿಸಿ ಎಂದು ಇನ್ನೊಂದು ಕೋರಿಕೆ ಸಲ್ಲಿಸಬೇಕು, ಅದಕ್ಕೆ ಗಡುವಿದೆ. ನಾನು ನೆನಪಿಸುತ್ತಲೇ ಇದ್ದೆ. ಕಾಕಾ ಹೂಂ ಎನ್ನುತ್ತಲೇ ಇದ್ದ. ಗಡುವು ದಾಟಿತು, ಅರ್ಜಿ ಬಿದ್ದುಹೋಯಿತು. ಅಷ್ಟರಲ್ಲಿ ಅದು ಪ್ರಕಟವಾಗಿತ್ತಾದ್ದರಿಂದ, ಇನ್ನು ಯಾರು ಬೇಕಾದರೂ ಆ ವಿಧಾನವನ್ನು ಬಳಸಬಹುದಿತ್ತು. ತನ್ನದೆಂದು ಮಾತ್ರ ಯಾರೂ ಹೇಳಿಕೊಳ್ಳುವಂತಿರಲಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದೆ.

“ಪರೀಕ್ಷೆ ಮಾಡೋರು ಯಾರ ಮಂದಿನೋ ಏನೋ,” ಎಂದ. ಇನ್ನೊಮ್ಮೆ ಕೇಳಿದಾಗ, “ಯಾರಿಗಾದ್ರೂ ಉಪಯೋಗ ಆಗ್ಲಿ ಬಿಡು,” ಎಂದ. ಎರಡರಲ್ಲಿ ಯಾವುದು ನಿಜವೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬರೆದದ್ದರಲ್ಲಿ ಏನೋ ತಪ್ಪು ಕಂಡು ಹೇಳದೆ ಬಿಟ್ಟನೇನೋ ಎಂಬ ಮೂರನೆಯ ಅನುಮಾನವೂ ಇದೆ.

ಅವನು ಕೆಂಪು ಅಕ್ಷರದ ಬೋರ್ಡುಗಳನ್ನೇ ಮಾಡಿಕೊಂಡು, ಕಣ್ಣು ಮಂಜಾಗತೊಡಗಿದ ಮೇಲೆ ಶೆಡ್ಡು ಬಿಟ್ಟುಕೊಟ್ಟ. ಈಗ ದೊಡ್ಡ ಅಂಗಡಿಗಳ ಕಪಾಟುಗಳಲ್ಲಿ ಬೆಲೆ ತೋರಿಸುವ, ಅಂಥದ್ದೇ ಬೂದುಬಣ್ಣದ ಹಾಳೆಯ ಚೀಟಿಗಳು ಸಾಲುಸಾಲಾಗಿ ಇರುತ್ತವೆ. ಮೊದಲಿನ ಪೇಟೆಂಟುಗಳ ಅವಧಿ ಮುಗಿದದ್ದರಿಂದ ಇಷ್ಟು ಅಗ್ಗವಾಯಿತು ಎಂದು ಕೆಲವರು ಬರೆಯುತ್ತಾರೆ. ಅದು ಸುಳ್ಳು, ಕಾರ್ಖಾನೆಗಳು ದೊಡ್ಡವಾದದ್ದರಿಂದ ಎಂದು ಇನ್ನು ಕೆಲವರು. ಇಬ್ಬರಿಗೂ ಸಂಬಳ ಯಾರು ಕೊಡುತ್ತಾರೆಂದು ನಾನು ಮೊದಲು ನೋಡುತ್ತೇನೆ.

ಹೋದ ಬೇಸಿಗೆಯಲ್ಲಿ ಕಾಕಾನನ್ನು ಅಂಥ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಬೇಳೆಯ ಕಪಾಟಿನ ಮುಂದೆ ನಿಂತು, ಬಗ್ಗಿ, ಚೀಟಿಯ ಹತ್ತಿರ ಕಣ್ಣು ತಂದು ನೋಡಿದ. ಹಿಂದಿನ ಬೆಲೆಯ ಗುರುತು ಉಳಿದಿದೆಯೇ ಎಂದು ನೋಡುತ್ತಿದ್ದಾನೆಂದು ನನಗೆ ಗೊತ್ತಾಯಿತು. ಅಂಗಡಿಯ ಕಾವಲಿನವನು ಬಂದು, ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದ. ಕಾಕಾ ನೆಟ್ಟಗಾಗಿ, ತೊಗರಿಬೇಳೆ ಒಂದು ಕಿಲೋ ಎಂದ.