ಕಲ್ಲಿನ ಹಿಂದುಗಡೆ

ದಾಬಸ್‌ಪೇಟೆಯಲ್ಲಿ ನಾನು ಶಂಕುಸ್ಥಾಪನೆ ಕಲ್ಲುಗಳಿಗೆ ಅಕ್ಷರ ಕೆತ್ತೋನು. ಒಂದ್ಸಲ ಮಂತ್ರಿಗಳ ಪಿ.ಎ. ಆಟೋದಲ್ಲಿ ಹಳೇ ಕಲ್ಲೊಂದನ್ನ ಹಾಕಿಸಿಕೊಂಡು ಬಂದ. "ಗುರು, ಹೊಸ ಕಲ್ಲು ಯಾಕೆ? ಹಿಂದುಗಡೆ ಖಾಲಿ ಇದೆ, ಅಲ್ಲೇ ಕೆತ್ತು" ಅಂದ. ನೋಡಿದರೆ ಮೂರು ವರ್ಷದ ಹಿಂದೆ ನಾನೇ ಕೆತ್ತಿದ್ದು, ಅವತ್ತಿನ ಪೂಜೆಯ ಅರಿಶಿನ ಕುಂಕುಮ ಇನ್ನೂ ಅಕ್ಷರದ ಸಂದೀಲಿ ಅಂಟಿಕೊಂಡಿತ್ತು. ಅದೇ ಊರು, ಅದೇ ಮಂತ್ರಿ, ಇನ್ನೂ ಆಗದ ಅದೇ ರಸ್ತೆ. ಈ ಸಲದ ಬಜೆಟ್‌ನಲ್ಲಿ ಅದನ್ನೇ ಹೊಸ ಯೋಜನೆ ಅಂತ ಸೇರಿಸಿದ್ದರು. ಬಾಯಿ ಮುಚ್ಚಿಕೊಂಡು ಕೆತ್ತಿಕೊಟ್ಟೆ.

ಗುದ್ದಲಿ ಪೂಜೆಗೆ ನಾನೂ ಹೋಗಿದ್ದೆ. ಮಂತ್ರಿಗಳು ಪರದೆ ಎಳೆದರು. ಚಪ್ಪಾಳೆ ಅರ್ಧಕ್ಕೇ ನಿಂತಿತು. ಗಾರೆ ಕೆಲಸದವನು ಹಳೇ ಬರಹವನ್ನೇ ಮುಂದೆ ಮಾಡಿ ಕೂರಿಸಿದ್ದ!

ಅಂಗನವಾಡಿ ಟೀಚರಮ್ಮ ಎದ್ದು ಹಳೇ ತಾರೀಕನ್ನ ಗಟ್ಟಿಯಾಗಿ ಓದಿ, "ಸ್ವಾಮಿ, ಆ ರಸ್ತೆ ಎಲ್ಲೋಯ್ತು?" ಅಂದರು.

"ಕೆಲಸ ಬೇಕೋ ಬೇಡ್ವೋ ನಿಂಗೆ?" ಅಂತ ಪಿ.ಎ. ಟೀಚರಮ್ಮನನ್ನ ಗದರಿದ. ಆದರೆ ಇಡೀ ಊರು ಎದ್ದು ನಿಂತಿತು. "ಅವ್ರನ್ನ ಬಿಡಪ್ಪ. ಸ್ವಾಮಿ, ನೀವು ಉತ್ತರ ಹೇಳಿ." ಮಂತ್ರಿಗಳು ಬೆವರು ಒರೆಸಿಕೊಂಡು ಮೈಕಿನಲ್ಲೇ "ತಪ್ಪಾಯ್ತು" ಅಂದರು.

ಹದಿನೈದು ದಿನದಲ್ಲಿ ಜಲ್ಲಿ ಬಂತು. ಟೀಚರಮ್ಮನ ಕೆಲಸಕ್ಕೂ ಏನೂ ಆಗಲಿಲ್ಲ. ಆಮೇಲೇ ನಾನು ನೆಮ್ಮದಿಯಾಗಿ ಉಸಿರು ಬಿಟ್ಟಿದ್ದು.

"ಯಾಕಯ್ಯಾ ಹಂಗೆ ಕೂರಿಸಿದೆ?" ಅಂತ ಗಾರೆಯವನನ್ನ ಕೇಳಿದೆ.

"ನಂಗೆ ಓದಕ್ ಬರಲ್ವಲ್ಲಣ್ಣ. ಅರಿಶಿನ ಕುಂಕುಮ ಇರೋ ಕಡೆ ತಾನೇ ಮುಂದೆ ಬರಬೇಕು?"

ಅವತ್ತಿನಿಂದ ಹಳೇ ಕಲ್ಲು ಯಾರೇ ತಂದರೂ ಚೆನ್ನಾಗಿ ಉಜ್ಜಿ ತೊಳೀತೀನಿ, ಅರಿಶಿನ ಕುಂಕುಮ ಬಿಟ್ಟು.