ಬಕೆಟ್ಟಿನಲ್ಲಿ ತೇಲಿದ ಚೀಟಿಗಳು

ಮೇಷ್ಟ್ರೇ, ಮೂರು ವರ್ಷದ ಹಿಂದೆ ಆಯುಧಪೂಜೆಯ ದಿನ ಫೋನಿನಲ್ಲಿ ನಿಮ್ಮೊಡನೆ ಮಾತಾಡಿದ್ದು ಮುನುಸ್ವಾಮಿಯವರಲ್ಲ — ನಾನು. ನಿಮ್ಮ ಕಲ್ಲುಗಳ ಚೀಟಿ ಅದಲುಬದಲು ಮಾಡಿದವನೂ ನಾನೇ. ನಿಮ್ಮ ನೆನಪು ಅವತ್ತು ತಪ್ಪಿರಲಿಲ್ಲ.

ಇಷ್ಟು ಬರೆಯಲು ಒಂದು ವಾರ ಹಿಡಿಯಿತು. ಮದುವೆ ಮನೆಗಳಲ್ಲಿ ಎಂಎಲ್ಎ ದನಿ, ಮದ್ದೂರು ಬಸ್ ಸ್ಟ್ಯಾಂಡಿನ ಕಂಡಕ್ಟರ್ ದನಿ, ನಮ್ಮಪ್ಪ ನನಗೆ ಬಯ್ಯುವ ದನಿ — ಎಲ್ಲವನ್ನೂ ಮಾಡಿ ಚಪ್ಪಾಳೆ ಗಿಟ್ಟಿಸುವವನಿಗೆ ನಾಲ್ಕು ನಿಜ ಬರೆಯುವಷ್ಟರಲ್ಲಿ ಬೆವರು ಬಂತು.

ಕೆಜಿಎಫ್‌ನಲ್ಲಿ ನೀವು ಪಾಠ ಹೇಳುತ್ತಿದ್ದ ಕಾಲದಲ್ಲಿ, ಗಣಿಯೊಳಗೆ ಇಳಿಯುತ್ತಿದ್ದ ಮುನುಸ್ವಾಮಿಯವರು ಒಂದೊಂದಾಗಿ ಕೊಟ್ಟ ಕಲ್ಲುಗಳವು. ಯಾವ ಗಣಿಬಾವಿ, ಎಷ್ಟು ಅಡಿ ಆಳ, ಯಾವ ದಿನ — ಅವರೇ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಪ್ರತಿ ಕಲ್ಲಿನ ತಳದಲ್ಲಿ. ಚೀಟಿ ಹೋದರೆ ಇದು ಬರೀ ಜಲ್ಲಿ ಎಂದು ನನಗೆ ಎಷ್ಟು ಸಲ ಹೇಳಿದ್ದಿರಿ. ಭಾನುವಾರ ಬೆಸಗರಹಳ್ಳಿಯ ಮಕ್ಕಳೆಲ್ಲ ನಿಮ್ಮ ಪಡಸಾಲೆಯಲ್ಲಿ ಸೇರಿದಾಗ ನೀವು ಕಣ್ಣು ಮುಚ್ಚಿ, ಕಲ್ಲನ್ನು ಅಂಗೈಯಲ್ಲಿ ತೂಗಿ, ಅದರ ಹುಟ್ಟೂರು ಹೇಳುತ್ತಿದ್ದಿರಿ. ಆಮೇಲೆ ಮಕ್ಕಳು ಚೀಟಿ ಓದುತ್ತಿದ್ದರು. ಒಂದು ಸಲವೂ ತಪ್ಪಿದ್ದು ನಾನು ನೋಡಿಲ್ಲ. ಅದನ್ನೂ ನಾನು ಆಲೂಗಡ್ಡೆ ಹಿಡಿದು ಅಣಕಿಸುತ್ತಿದ್ದೆ. ನೀವೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಿರಿ.

ಆಯುಧಪೂಜೆಗೆ ನಮ್ಮಲ್ಲಿ ಟ್ರ್ಯಾಕ್ಟರು, ಬೈಕು, ಕುಡುಗೋಲು ಎಲ್ಲ ತೊಳೆದು ಸಾಲಾಗಿ ಇಡುತ್ತಾರೆ. ನೀವು ಕಲ್ಲುಗಳನ್ನು ಇಡುತ್ತಿದ್ದಿರಿ — ಮೇಷ್ಟ್ರ ಆಯುಧ ಇವೇ ಎಂದು. ಆ ವರ್ಷ ನಿಮಗೆ ಭುಜ ನೋವು. ಒಣ ಬ್ರಶ್ಶಿನಲ್ಲಿ ಧೂಳು ತೆಗಿ, ನೀರು ಸೋಕಿಸಬೇಡ ಎಂದು ನನಗೆ ವಹಿಸಿದಿರಿ. ನನಗೆ ಅವು ಬೈಕಿನ ಹಾಗೆ ಫಳಫಳ ಹೊಳೆಯಬೇಕಿತ್ತು. ಬಕೆಟ್ಟಿಗೆ ನೀರು ಬಿಟ್ಟು, ಬಚ್ಚಲು ತೊಳೆಯುವ ಆಸಿಡ್ ಸುರಿದು, ಅಷ್ಟನ್ನೂ ಮುಳುಗಿಸಿ ಕಾಫಿ ಕುಡಿಯಲು ಹೋದೆ. ವಾಪಸ್ಸು ಬಂದರೆ — ಚೀಟಿಗಳು ಮಂಡಕ್ಕಿಯ ಹಾಗೆ ತೇಲುತ್ತಿದ್ದವು. ಒಂದು ಬಿಳಿ ಕಲ್ಲು ನೊರೆಯೆದ್ದು ಅಂಚೆಲ್ಲ ಕರಗಿತ್ತು. ಉಳಿದ ಬೂದು ಕಲ್ಲುಗಳು ನನ್ನ ಕಣ್ಣಿಗೆ ಒಂದೇ ತಾಯಿ ಮಕ್ಕಳು. ಚೀಟಿಗಳನ್ನು ಬಿಸಿಲಿಗೆ ಹಾಕಿ, ತೋಚಿದ ಹಾಗೆ ಅಂಟಿಸಿದೆ.

ಕುಂಕುಮ ಇಡಲು ಒಂದನ್ನು ಎತ್ತಿಕೊಂಡಿರಿ. ಕೈ ಅಲ್ಲೇ ನಿಂತಿತು.

"ಈ ಚೀಟಿ ಇದುರ್ದಲ್ಲ ಕಣ್ಲಾ. ಮುನುಸ್ವಾಮಿ ಕೊನೇ ಪಾಳೀಲಿ ತಂದ್ಕೊಟ್ಟ ಕಲ್ಲು ಇದು. ನನ್ ಕೈಗೆ ಗೊತ್ತಾಯ್ತದೆ."

ಅವರನ್ನೇ ಕೇಳೋಣ ಎಂದಿರಿ. ಆಗಲೇ ಹೇಳಬಹುದಿತ್ತು — ಬಯ್ದು ಸುಮ್ಮನಾಗುತ್ತಿದ್ದಿರಿ, ಅಷ್ಟೇ. ನಾನು, ಅವರ ಮೊಮ್ಮಗನ ನಂಬರಿಗೆ ಮೆಸೇಜು ಹಾಕಿದ್ದೇನೆ, ಅವರೇ ಫೋನು ಮಾಡುತ್ತಾರೆ ಎಂದು ಹೇಳಿ ಹಿತ್ತಲಿಗೆ ಹೋದೆ. ನನ್ನ ಇನ್ನೊಂದು ಸಿಮ್ಮಿನಿಂದ ನಿಮಗೆ ಫೋನು ಮಾಡಿದೆ. ನಿಮ್ಮ ಮನೆಗೆ ಬಂದಾಗಲೆಲ್ಲ ಕೇಳಿದ್ದ ಅವರ ಕೆಮ್ಮು, ಅವರ ತಮಿಳು ಬೆರೆತ ಕನ್ನಡ, ಎಲ್ಲ ನನಗೆ ಬಾಯಿಪಾಠ.

"ಚೀಟಿ ಕರೆಕ್ಟು ಸಾರ್. ಗಣಿ ಮುಚ್ಚಿದ ಮಾದಿರಿ ನಿಮ್ದು ತಲೆನೂ ಮುಚ್ಚೋಯ್ತಾ?"

ಚೀಟಿ ಸರಿ ಎಂದಿದ್ದರೆ ಸಾಕಿತ್ತು. ಎರಡನೇ ಮಾತು ಬೇಕಿರಲಿಲ್ಲ — ನಗೆ ಗಿಟ್ಟಿಸುವ ಚಟ. ನೀವು ನಗಲಿಲ್ಲ. "ಇರ್ಬೋದು ಕಣಪ್ಪ," ಎಂದಿರಿ.

ಆ ಭಾನುವಾರ ನೀವು ಕಣ್ಣು ಮುಚ್ಚಲಿಲ್ಲ. ಚೀಟಿ ಓದಿ ಹೇಳಿದಿರಿ. ಮುಂದಿನ ತಿಂಗಳು ಮಕ್ಕಳನ್ನು ಬರಬೇಡಿ ಎಂದಿರಿ. ಸಂಕ್ರಾಂತಿಯ ಹೊತ್ತಿಗೆ ಕಲ್ಲುಗಳೆಲ್ಲ ಮಳವಳ್ಳಿ ಕಡೆಯ ಒಂದು ಶಾಲೆಗೆ ಹೋದವು, ನನ್ನ ತಪ್ಪು ಚೀಟಿಗಳ ಸಮೇತ. ಪೆಟ್ಟಿಗೆ ಹೊತ್ತು ಆಟೋದಲ್ಲಿ ಇಟ್ಟವನೂ ನಾನೇ. ಆಗಲೂ ಬಾಯಿ ಬಿಡಲಿಲ್ಲ.

ಮುನುಸ್ವಾಮಿಯವರು ತೀರಿಕೊಂಡ ಮೇಲೆ, ಹೋದ ವಾರ, ನಿಮ್ಮ ಮನೆಯ ಅಮ್ಮಾವ್ರು ನನ್ನನ್ನು ಕರೆಸಿದರು. "ಇವ್ರು ಮಾತೇ ಆಡಾಕಿಲ್ಲ ಕಣ್ಲಾ. ಒಂದ್ಸಲ ಮುನುಸ್ವಾಮಣ್ಣನಂಗೆ ಮಾತಾಡಿ ನಗ್ಸು," ಎಂದರು. ನೀವು ತಲೆಯೆತ್ತಿ ನನ್ನನ್ನೇ ನೋಡಿದಿರಿ, ಆಸೆಯಿಂದ. ಗಂಟಲು ನೋವು ಎಂದು ಸುಳ್ಳು ಹೇಳಿದೆ — ಇನ್ನೊಂದು. ಬಾಗಿಲವರೆಗೆ ಬಂದ ಅಮ್ಮಾವ್ರು, ನಿಮ್ಮ ಮರೆವಿಗೆಂದು ಮಂಡ್ಯದಿಂದ ತರುವ ಮಾತ್ರೆಯ ವಿಷಯ ಹೇಳಿದರು. ಆ ಫೋನಿನ ಮಾತನ್ನು ಮುನುಸ್ವಾಮಿಯವರ ಹತ್ತಿರ ಮತ್ತೆ ಎತ್ತಲು, ಅವರು ಇರುವವರೆಗೂ ನಿಮಗೆ ನಾಚಿಕೆಯಿತ್ತಂತೆ.

ಮೂರು ವರ್ಷ ನಿಮ್ಮ ಕೈಯನ್ನೇ ನೀವು ನಂಬಲಿಲ್ಲ. ಆ ನಂಬಿಕೆಯನ್ನು ಹೇಗೆ ತಂದುಕೊಡಲಿ — ಗೊತ್ತಿಲ್ಲ.

ಶಾಲೆಯವರನ್ನು ಕೇಳಿದ್ದೇನೆ. ಕಲ್ಲುಗಳು ಇನ್ನೂ ಪೆಟ್ಟಿಗೆಯಲ್ಲೇ ಇವೆ. ನಾಳೆ ಈ ಕಾಗದವನ್ನು ಅಮ್ಮಾವ್ರ ಮುಂದೆಯೇ ನಿಮಗೆ ಓದಿ ಹೇಳುತ್ತೇನೆ. ನೀವು ಹೊರಗೆ ಹೋಗು ಎಂದರೆ ಹೋಗುತ್ತೇನೆ. ಮಳವಳ್ಳಿಗೆ ಬರುತ್ತೇನೆ ಎಂದರೆ, ಹಳೆಯ ಚೀಟಿಗಳನ್ನು ನಿಮ್ಮ ಕಣ್ಣೆದುರೇ ಕಿತ್ತು, ನಿಮ್ಮ ಕೈ ಹೇಳಿದ ಹಾಗೆ ಅಂಟಿಸುತ್ತೇನೆ. ನಿಮಗೂ ಅನುಮಾನ ಬಂದ ಕಲ್ಲಿಗೆ ಹೊಸ ಚೀಟಿ ಹಚ್ಚಿ ಖಾಲಿ ಬಿಡುತ್ತೇನೆ. ಅದನ್ನು ಖಾಲಿ ಮಾಡಿದವನು ಇವನೆಂದು ಕೆಳಗೆ ನನ್ನ ಹೆಸರು ಬರೆಯುತ್ತೇನೆ.